ನಲ್ಲಿ ಮೂಳೆ

ಅರ್ಧ ಬೆಂಕಿಕಡ್ಡಿಯಷ್ಟು ಉದ್ದ, ಹೆಚ್ಚುಕಮ್ಮಿ ಅಷ್ಟೇ ದಪ್ಪ.
ಫಾರ್ಮಲಿನ್ ಡಬ್ಬಿಯ ತಳದಲ್ಲಿ ಮಲಗಿದೆ.
ಲೇಬಲ್ಲಿನಲ್ಲಿ: ಕ್ಲಿಫರ್ಡ್ ಸ್ಟೇದರ್ಸ್, ಐವತ್ತೇಳು.
ಮೇಲಿನ ಮಹಡಿಯಲ್ಲಿ ಯಾರೋ ಬೆಳಿಗ್ಗೆ
ಸೊಂಟದ ಎಲುಬಿಗೆ ಸೂಜಿ ತಿರುವಿ ತೆಗೆದದ್ದು.

ಎಲುಬು ಅವಸರಕ್ಕೆ ಬಗ್ಗುವುದಿಲ್ಲ.
ಆಮ್ಲದಲ್ಲಿ ನೆನೆಹಾಕಿ ಸುಣ್ಣ ಬಿಡಿಸಬೇಕು,
ಮೇಣದಲ್ಲಿ ಕೂರಿಸಬೇಕು, ಆಮೇಲೆ ಬ್ಲೇಡು.
ಬೆಚ್ಚನೆಯ ನೀರಿನ ಮೇಲೆ ಪದರ ಬಿಚ್ಚಿಕೊಳ್ಳುವಾಗ
ಉಸಿರು ಬಿಗಿಹಿಡಿಯುತ್ತೇನೆ. ಹಾಲಿನ ಕೆನೆಗಿಂತ ತೆಳು.
ಸೀನಿದರೆ ಒಬ್ಬ ಮನುಷ್ಯ ಹಾರಿಹೋದಾನು.

ಅವನ ಮೊದಲ ಗಾಜು ನೆನಪಿದೆ, ಹೋದ ಫೆಬ್ರವರಿಯದು.
ಕಾಲಿಡಲು ಜಾಗವಿರಲಿಲ್ಲ. ಒಂದೇ ಮುಖದ ನೇರಳೆ ಕಣಗಳು
ಗೋಡೆಯಿಂದ ಗೋಡೆಗೆ,
ಯಾರೂ ಇಳಿಯದ ಬಸ್ಸು.

ಆಮೇಲೆ ಔಷಧಿ. ಆಮೇಲೆ ಒಂದು ಚೀಲ,
ಯಾವುದೋ ದೇಶದ ಯಾರದೋ ಕಾಂಡಕೋಶ,
ಪಕ್ಕದ ಮನೆಯಿಂದ ಬಟ್ಟಲಲ್ಲಿ ತಂದ ಹೆಪ್ಪಿನ ಹಾಗೆ.
ಮೂರನೇ ವಾರದ ಗಾಜಿನಲ್ಲಿ
ನೀರೂರಿದ ಗುಲಾಬಿ ಬಯಲು, ಒಡೆದ ಕೊಬ್ಬಿನ ಗುಳ್ಳೆ,
ಕಸ ನುಂಗುತ್ತ ಕೂತ ಒಂದೆರಡು ದೊಡ್ಡ ಕೋಶ.
ಬಣ್ಣ ಹಾಕಿದರೆ ಎಲ್ಲೆಲ್ಲೂ ನೀಲಿ:
ಅಷ್ಟು ದಿನ ಹನಿಸಿದ ಪರರ ರಕ್ತದ ಕಬ್ಬಿಣ,
ಬಾಡಿಗೆಯವರು ಗೋಡೆಯಲ್ಲೇ ಬಿಟ್ಟುಹೋದ ಮೊಳೆಗಳು.
ಮಸೂರ ಸರಿಸಬೇಕು ಅನ್ನುವಾಗ, ಅಂಚಿನಲ್ಲಿ,
ಹನ್ನೊಂದು.
ಎಣಿಸಿದೆ. ಮತ್ತೆ ಎಣಿಸಿದೆ.
ಕೆಂಪುಕಣದ ಮರಿಗಳು, ತಲೆಗೆ ತಲೆ ತಾಗಿಸಿ.
ಹೆಪ್ಪು ಹಿಡಿಯುತ್ತಿತ್ತು.

ಚಳ್ಳಕೆರೆಯಲ್ಲಿ ಭಾನುವಾರ ಅಪ್ಪ ನಲ್ಲಿ ಮೂಳೆಯನ್ನು
ಸ್ಟೀಲ್ ತಟ್ಟೆಗೆ ಕುಟ್ಟುತ್ತಿದ್ದ, ಟಕ್ ಟಕ್,
ಬಿಸಿ ಮಜ್ಜೆ ಜಾರಿ ನನ್ನ ಅನ್ನದ ಮೇಲೆ ಬೀಳುವವರೆಗೆ.
ತಿನ್ನು, ಜೀವ ಇರೋದು ಇದರಾಗೇ ಕಣೇ.
ನಾನು ಇಪ್ಪತ್ತು ವರ್ಷ ಓದಿ, ಪರೀಕ್ಷೆ ಬರೆದು
ಅದಕ್ಕಿಂತ ಹೆಚ್ಚೇನೂ ಕಲಿತಿಲ್ಲ.

ನೂರನೇ ದಿನದ ಗಾಜು ಗಜಿಬಿಜಿ.
ಎಲುಬಿನ ಮಗ್ಗುಲಲ್ಲಿ ಹುಟ್ಟಬೇಕಾದ ಬಿಳಿಯವು
ನಡುಮನೆಯಲ್ಲೇ ಚಾಪೆ ಹಾಸಿವೆ,
ಅಡುಗೆಕೋಣೆ ಎಲ್ಲಿ ಅಂತ ಗೊತ್ತಿಲ್ಲದ ಹೊಸಬರು.
ಪ್ಲೇಟ್‌ಲೆಟ್ಟಿನ ದೈತ್ಯ ತಾಯಂದಿರು ತಡವಾಗಿ ಬಂದರು, ಕೆಲವೇ ಮಂದಿ.

ಈಗ ಒಂದು ವರ್ಷ. ಲೀಡ್ಸ್‌ನಿಂದ ವರದಿ ಬಂದಿದೆ:
ಪ್ರತಿ ಕಣದಲ್ಲೂ ಎರಡು ಕೆಂಪು ಚುಕ್ಕೆ. ಹೆಂಗಸು.
ರಕ್ತದ ಗುಂಪೂ ಬದಲು.
ಚೀಟಿಯಲ್ಲಿ ವೈದ್ಯರ ಗೀಚು: ಸಿಗಡಿ ತಿಂದರೆ
ಮೈತುಂಬ ದದ್ದು, ಮೊದಲು ಇರಲಿಲ್ಲ.
ಹಲ್ ಬಂದರಿನಲ್ಲಿ ಹುಟ್ಟಿ ಬೆಳೆದವನಿಗೆ
ಅವಳ ಯಾವುದೋ ಮುನಿಸು ಅಂಟಿದೆ.
ಇನ್ನೂರು ಕಣಗಳಲ್ಲಿ ಮೂರರಲ್ಲಿ ಮಾತ್ರ
ಒಂದು ಕೆಂಪು, ಒಂದು ಹಸಿರು.
ಬೀಗ ಬದಲಿಸಿದ ಮೇಲೂ ಹಳೆಯ ಕೀಲಿ ಇಟ್ಟುಕೊಂಡವರು.
ಹೊರಡುತ್ತಿದ್ದಾರೋ, ಮರಳುತ್ತಿದ್ದಾರೋ,
ಒಂದು ಗಾಜು ಅದನ್ನು ಹೇಳುವುದಿಲ್ಲ.

ಶನಿವಾರ ಟ್ರಿನಿಟಿ ಮಾರುಕಟ್ಟೆಯಲ್ಲಿ ನಲ್ಲಿ ಮೂಳೆ ಕೇಳಿದೆ.
ನಾಯಿಗಾ, ಲವ್? ಅಂದ ಮಾಂಸದಂಗಡಿಯವ.
ಹೂಂ ಅಂದುಬಿಟ್ಟೆ.
ಹಿಂದೆ ಉಣ್ಣೆಟೋಪಿಯ ಸಣಕಲ ಒಬ್ಬ ನಿಂತಿದ್ದ,
ಮೀನಿನ ಅಂಗಡಿಯ ಕಡೆ ಮುಖ ತಿರುಗಿಸಿಕೊಂಡು.
ಅವನೇ ಇರಬಹುದು. ಯಾರೂ ಇರಬಹುದು.
ಒಳಗನ್ನು ನಾನೂರು ಪಟ್ಟು ದೊಡ್ಡದಾಗಿ ಬಲ್ಲೆ,
ಮುಖ ಗೊತ್ತಿಲ್ಲ.

ಮನೆಯಲ್ಲಿ ಬೇಯಿಸಿ ತಟ್ಟೆಗೆ ಕುಟ್ಟಿದೆ, ಟಕ್ ಟಕ್.
ಬೀಳಲಿಲ್ಲ. ಮತ್ತೆ ಕುಟ್ಟಿದೆ, ಜೋರಾಗಿ.
ಒಂದೇ ಇಟ್ಟಿಗೆ ದಪ್ಪದ ಗೋಡೆ.
ಆಚೆಯಿಂದ ಯಾರೋ ತಿರುಗಿ ಕುಟ್ಟಿದರು.